ಔರಾದಿಗೆ ಕಸಿಯಲು ಹೋದದ್ದು

ಕೊಟ್ಟ ವಸ್ತುವನ್ನು ವಾಪಸ್ ಕೇಳುವಾಗ ಮನುಷ್ಯನ ದನಿ ಯಾಕೆ ಕಳ್ಳನ ದನಿಯ ಹಾಗಾಗುತ್ತದೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಒಯ್ದವರು ಎದೆ ಮುಂದೆ ಮಾಡಿಕೊಂಡು ಓಡಾಡುತ್ತಾರೆ, ಕೊಟ್ಟವರು ತಲೆ ತಗ್ಗಿಸಿಕೊಂಡು ಗೋಡೆಯ ಬದಿಗೆ ನಡೆಯುತ್ತಾರೆ. ಬೀದರಿನ ನಮ್ಮ ಚಿದ್ರಿ ಬಡಾವಣೆಯಲ್ಲಿ ಹಿಂದಿನ ಓಣಿಯ ಹೆಂಗಸೊಬ್ಬಳು ನನ್ನ ಛತ್ರಿ ಒಯ್ದು ಎರಡು ಮಳೆಗಾಲ ಆಯಿತು. ಒಂದು ದಿನ ನಾನು ತರಕಾರಿ ಚೀಲವನ್ನೇ ತಲೆಯ ಮೇಲೆ ಹಿಡಿದು ತೋಯಿಸಿಕೊಂಡು ಬರುತ್ತಿದ್ದಾಗ ಆಕೆ ಅದೇ ಛತ್ರಿ ಹಿಡಿದು ಎದುರಿಗೆ ಬಂದಳು. ‘ಅಯ್ಯ ಟೀಚರ್, ಛತ್ರಿ ಇಲ್ದೇ ಹ್ಯಾಂಗ ಹೊಂಟೀರಿ? ಬರ್ರಿ ಒಳಗ’ ಎಂದು ನನ್ನ ಛತ್ರಿಯ ಅರ್ಧವನ್ನು ನನಗೇ ದಾನ ಮಾಡಿ ಮನೆಯ ಬಾಗಿಲವರೆಗೆ ಬಿಟ್ಟು ಹೋದಳು. ನಾನು ‘ಭಾಳ ಉಪಕಾರ ಆಯ್ತು ನೋಡವಾ’ ಎಂದೆ. ಇಂಥ ನಾನು, ಅರವತ್ತಾರು ವರ್ಷದವಳು, ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಔರಾದಿಗೆ ಹೋಗಿ ನನ್ನದೊಂದು ವಸ್ತುವನ್ನು ಕಸಿದುಕೊಂಡೇ ಬರುತ್ತೇನೆ ಎಂದು ಹೊರಟೆ ಎಂದರೆ ನೀವು ನಂಬುವುದಿಲ್ಲ. ಬಸ್ಸು ಹತ್ತಿದ ಮೇಲೂ ನಾನೇ ನಂಬಿರಲಿಲ್ಲ.

ವಸ್ತು ದೊಡ್ಡದೇನಲ್ಲ, ಒಂದು ನೋಟ್‌ಬುಕ್ಕು. ಕೆಂಪು ರಟ್ಟಿನ, ಉದ್ದನೆಯ, ತೂಕದ ನೋಟ್‌ಬುಕ್ಕು. ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಕುಸುಮ ಮರಾಠಿ ಕಲಿಸುತ್ತಿದ್ದಳು. ಅವಳು ಔರಾದಿನವಳು. ಬೌದ್ಧ ಮನೆತನ, ಅವಳ ತಂದೆಯೂ ಮೇಷ್ಟ್ರು, ಮನೆಯ ತುಂಬ ಪುಸ್ತಕ. ನಾನು ಬಗದಲ್ ಕಡೆಯ ಕುರಿ ಕಾಯುವವರ ಮನೆಯವಳು. ನಮ್ಮ ವಂಶದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಒಂದೇ ಬೆಂಚು. ಒಂದು ಮಧ್ಯಾಹ್ನ ನನ್ನ ಡಬ್ಬಿ ತೆರೆದಾಗ ಅವಳು ‘ಅಂಬಾಡಿ!’ ಎಂದಳು. ನಾನು ‘ಪುಂಡಿ ಪಲ್ಯ’ ಎಂದೆ. ಬಾಗಿಲಲ್ಲಿ ನಿಂತಿದ್ದ ಉರ್ದು ಮಾಸ್ತರರು ‘ಅಂಬಾಡಾ’ ಎಂದರು. ಬೀದರಿನ ಆಚೆ ತೆಲುಗರ ಸೀಮೆಯಿಂದ ಬಂದಿದ್ದ ಲೆಕ್ಕದ ಟೀಚರು, ನಾಲಗೆ ಚಪ್ಪರಿಸಿ, ‘ಗೋಂಗೂರ’ ಎಂದರು. ನಾಲ್ಕು ಹೆಸರಿನ ಆ ಸೊಪ್ಪನ್ನು ನಾವೆಲ್ಲ ತಿಂದು ಮುಗಿಸಿದೆವು. ಕುಸುಮ ಕೈ ತೊಳೆದುಕೊಂಡು ಬಂದು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿದಳು. ಅಲ್ಲಿಂದ ಶುರುವಾದದ್ದು ಹದಿನೇಳು ವರ್ಷ ನಡೆಯಿತು. ಕನ್ನಡದ ಕಾಲಂ ನನ್ನದು, ಮರಾಠಿಯದು ಅವಳದು, ಉಳಿದೆರಡನ್ನು ಸಂತೆಯಲ್ಲಿ, ಬಸ್ಸಿನಲ್ಲಿ, ದವಾಖಾನೆಯ ಸಾಲಿನಲ್ಲಿ ನಿಂತು ಕೇಳಿ ತುಂಬಿಸುತ್ತಿದ್ದೆವು. ಮುಂದೆ ಎಲ್ಲವನ್ನೂ ಕನ್ನಡದ ಅಕಾರಾದಿಯಲ್ಲಿ ಈ ಕೆಂಪು ನೋಟ್‌ಬುಕ್ಕಿಗೆ ಇಳಿಸಿದೆವು. ಪ್ರತಿ ಅಕ್ಷರದ ಕೊನೆಗೆ ಹೊಸ ಶಬ್ದಕ್ಕೆಂದು ನಾಲ್ಕೈದು ಹಾಳೆ ಖಾಲಿ ಬಿಟ್ಟೆವು. ಒಂದು ತಿಂಗಳು ನನ್ನ ಮನೆಯಲ್ಲಿ, ಒಂದು ತಿಂಗಳು ಅವಳ ಮನೆಯಲ್ಲಿ ಅದರ ವಾಸ. ನನಗೆ ಮದುವೆಯಾಗಿರಲಿಲ್ಲ. ನೋಡಲು ಬಂದವರಿಗೆ ನಾನು ಹೆಚ್ಚು ಓದಿದವಳಾಗಿ ಕಂಡೆ, ಓದಿದವರಿಗೆ ಕುರಿಯವರ ಮಗಳಾಗಿ ಕಂಡೆ, ಅಷ್ಟರಲ್ಲಿ ವಯಸ್ಸು ಮುಂದೆ ಹೋಯಿತು. ಹೀಗಾಗಿ ನನ್ನ ಮನೆಗೆ ಬಂದು ಒಂದು ತಿಂಗಳು ಇದ್ದು ಹೋಗುವ ನೆಂಟರು ಎಂದರೆ ಆ ನೋಟ್‌ಬುಕ್ಕು ಒಂದೇ.

ಜಗಳವಾದದ್ದು ಒಂದು ಶಬ್ದಕ್ಕೆ. ‘ಕಸ್ಗೊಳ್ಳೋದು’ ಎಂದು ನಾನು ಬರೆದಿದ್ದೆ. ಅದರ ಎದುರಿಗೆ ಅವಳು ಮರಾಠಿಯ ‘ಹಿಸಕಾವೂನ್ ಘೇಣೆ’ ಬರೆದಿದ್ದಳು. ನಮ್ಮ ಕಡೆಯ ಉರ್ದುವಾದ ದಖನಿಗೆ ‘ಛೀನ್ ಲೇನಾ’, ತೆಲುಗಿಗೆ ‘ಗುಂಜುಕುನುಡು’. ಸರಕಾರ ಕಸಿದುಕೊಂಡರೆ ನಾಲ್ಕೂ ಭಾಷೆಯಲ್ಲಿ ‘ಜಪ್ತಿ’, ಅದನ್ನು ಕೆಳಗೆ ಬೇರೆಯಾಗಿ ಬರೆದಿದ್ದೆವು. ಎಲ್ಲ ಸರಿಯಾಗಿಯೇ ಇತ್ತು. ಆದರೆ ನಿವೃತ್ತಿಯಾಗಿ ನಾನು ಬೀದರಿಗೆ, ಅವಳು ಔರಾದಿಗೆ ಬಂದ ಮೇಲೆ ಒಂದು ದಿನ ನನಗೆ ನಮ್ಮಪ್ಪನ ಟಗರು ನೆನಪಾಯಿತು. ನಾನು ಚಿಕ್ಕವಳಿದ್ದಾಗ ಮಾಂಜ್ರಾ ನದಿಯ ದಂಡೆಯಲ್ಲಿ ನಮ್ಮ ಟಗರೊಂದು ಬೇರೆಯವರ ಹಿಂಡಿನಲ್ಲಿ ಸೇರಿಕೊಂಡಿತ್ತು. ಅವರು ತಮ್ಮದೆಂದರು, ಕೊಡಲಿಲ್ಲ. ಅಪ್ಪ ಹಿಂಡಿನೊಳಗೆ ನುಗ್ಗಿ, ಕಿವಿಯ ಗುರುತು ನೋಡಿ, ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಹಿಂದಿನಿಂದ ಅವರು ‘ಕಸ್ಗೊಂಡು ಹೊಂಟಾನ, ಹಿಡೀರಿ’ ಎಂದು ಕೂಗಿದರಂತೆ. ಟಗರು ಸಿಕ್ಕರೂ ಅಪ್ಪನಿಗೆ ಆ ಮಾತು ಹೋಗಲಿಲ್ಲ. ‘ನಂದು ನಾ ತಂದ್ರ ಕಸ್ಗೊಂಡಂಗ ಹ್ಯಾಂಗಾಯ್ತು?’ ಎಂದು ಸಾಯುವವರೆಗೂ ಕೇಳುತ್ತಿದ್ದ. ಪರರದನ್ನು ಕಸಿಯುವುದಕ್ಕೂ ತನ್ನದನ್ನೇ ಬಲವಂತದಿಂದ ಮರಳಿ ತರುವುದಕ್ಕೂ ಒಂದೇ ಶಬ್ದ ಇರಬಾರದು, ಬೇರೆ ಶಬ್ದ ಹುಡುಕಬೇಕು ಎಂದು ನಾನು ಕುಸುಮಳಿಗೆ ಫೋನಿನಲ್ಲಿ ಹೇಳಿದೆ.

‘ಬ್ಯಾರೆ ಶಬ್ದ ಯಾಕ ಬೇಕು ಮಾಳಕ್ಕ?’ ಎಂದಳು ಕುಸುಮ. ‘ಕಸ್ಗೊಳ್ಳೋರಿಗೆಲ್ಲಾ ಅದು ತಮ್ದೇ ಅಂತ ಅನ್ನಿಸ್ತದ. ಆ ಟಗರಿನವರಿಗೂ ಹಂಗೇ ಅನ್ನಿಸಿರ್ಬೇಕು.’

ಅವಳು ನಗುತ್ತ ಹೇಳಿದ ಮಾತು. ನನಗೆ ಮಾತ್ರ ಅವಳು ನಮ್ಮಪ್ಪನನ್ನೇ ಕಳ್ಳನೆಂದ ಹಾಗೆ ಕೇಳಿಸಿತು. ಆಗ ನಾನೊಂದು ಮಾತು ಅಂದೆ. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ‘ಕನ್ನಡ ನನ್ನ ಭಾಷಾ ಅದ. ಮರಾಠಿಯವರು ನನಗ ಹೇಳಿಕೊಡೋದು ಬ್ಯಾಡ’ ಎಂದೆ. ಆಮೇಲೆ ಅವಳು ‘ಆಯ್ತ್ರಿ ಟೀಚರ್’ ಎಂದಳು. ನಮ್ಮ ಕಡೆ ‘ರಿ’ ಹಚ್ಚದೆ ನಾವು ಬಾಗಿಲಿಗೆ ಬಂದ ಹಾಲಿನವನನ್ನೂ ಮಾತಾಡಿಸುವುದಿಲ್ಲ, ಅದು ಮರ್ಯಾದೆ. ಆದರೆ ಹದಿನೇಳು ವರ್ಷ ‘ನೀ’ ಎಂದವರು ಒಮ್ಮೆಲೇ ‘ರಿ’ ಎಂದರೆ, ಒಳಗಿನಿಂದ ಚಿಲಕ ಹಾಕಿಕೊಂಡರೆಂದೇ ಅರ್ಥ. ಆ ತಿಂಗಳು ನೋಟ್‌ಬುಕ್ಕು ಅವಳ ಮನೆಯಲ್ಲಿತ್ತು. ಅಲ್ಲಿಯೇ ಉಳಿಯಿತು. ನಾಲ್ಕು ವರ್ಷ.

ನಾಲ್ಕು ವರ್ಷ ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಕುಂಡಗಳಿಗೆ ನೀರು ಹಾಕಿದೆ, ಪೇಪರಿನಲ್ಲಿ ಕಾಗುಣಿತದ ತಪ್ಪುಗಳಿಗೆ ಕೆಂಪು ಪೆನ್ನಿನಿಂದ ಗೆರೆ ಎಳೆದೆ, ರದ್ದಿಯವನಿಗೆ ತಿದ್ದಿದ ಪೇಪರನ್ನು ಹಾಕಿದೆ. ಟೀವಿ ಹಚ್ಚಿ ಅಡಿಗೆಮನೆಗೆ ಹೋಗುವುದನ್ನು ಕಲಿತೆ, ಮನೆಯಲ್ಲಿ ಯಾರೋ ಇದ್ದಾರೆ ಎನ್ನಿಸಲಿ ಎಂದು. ಒಂದು ದಿನ ಹುಚ್ಚು ಹಿಡಿದವಳಂತೆ ದಿನವಿಡೀ ನಾನು ಆಡಿದ ಮಾತುಗಳನ್ನು ಎಣಿಸಿದೆ. ಹನ್ನೊಂದು ಶಬ್ದ. ಅದರಲ್ಲಿ ಐದು ತರಕಾರಿಯವನಿಗೆ, ಎರಡು ರಾಂಗ್ ನಂಬರಿಗೆ, ಒಂದು ಮೆಟ್ಟಿಲ ಮೇಲೆ ಮಲಗಿದ್ದ ನಾಯಿಗೆ. ಉಳಿದ ಮೂರು ನನಗೆ ನಾನೇ ಹೇಳಿಕೊಂಡದ್ದು: ‘ಕನ್ನಡಕ ಎಲ್ಲಿಟ್ಟೆ ಮಾರಾಯ್ತಿ?’ ಮೂವತ್ತು ವರ್ಷ ಮಾತಾಡಿಯೇ ಸಂಬಳ ತೆಗೆದುಕೊಂಡವಳು ನಾನು. ರಾಂಗ್ ನಂಬರಿನವರು ಬೇಗ ಫೋನ್ ಇಟ್ಟರೆಂದು ಅಂದು ನನಗೆ ಬೇಸರವಾಯಿತು.

ನನ್ನ ಜೊತೆ ನಿಂತು ಮಾತಾಡುವವರೆಂದರೆ ಪಕ್ಕದ ಮನೆಯ ಹಮೀದಾ ಖಾಲಾ ಒಬ್ಬರೇ. ಅವರು ವರ್ಷದಲ್ಲಿ ಅರ್ಧ ಹೈದರಾಬಾದಿನ ಮಗಳ ಮನೆಯಲ್ಲಿರುತ್ತಾರೆ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಅವರಿಗೆ ನನ್ನ ಬಾಲ್ಯದ ಕತೆ ಹೇಳುತ್ತಿದ್ದೆ. ಸುಗ್ಗಿ ಮುಗಿದ ಮೇಲೆ ಹೊಲದವರು ಗೊಬ್ಬರಕ್ಕಾಗಿ ನಮ್ಮ ಕುರಿಗಳನ್ನು ತಮ್ಮ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುತ್ತಿದ್ದರು, ಅದಕ್ಕೆ ನಮ್ಮಪ್ಪ ಒಂದು ಶಬ್ದ ಹೇಳುತ್ತಿದ್ದ, ಅದು... ಅದು... ಬಾಯಿ ತೆರೆದೇ ಉಳಿಯಿತು. ಶಬ್ದ ಬರಲಿಲ್ಲ. ಮೂರು ದಿನ ಬರಲಿಲ್ಲ. ಬಗದಲ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿದರೆ ಅವನು ‘ಕುರಿ ಕೂಡ್ಸೋದು ಅಂತೇವಲ್ಲ ಅಕ್ಕಾ’ ಎಂದ. ಅದಲ್ಲ. ಕುರಿ ಮಾರಿ ಟ್ರ್ಯಾಕ್ಟರು ತಂದವನು ಅವನು. ಆ ಶಬ್ದವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಅಪ್ಪ ಹೋದ, ಕುರಿ ಹೋದವು, ಈಗ ಅಪ್ಪನ ಬಾಯಿಯ ಶಬ್ದವೂ ಔರಾದಿನಲ್ಲಿ ಬೇರೆಯವರ ಕಪಾಟಿನಲ್ಲಿದೆ ಎಂದು ಯೋಚಿಸಿದರೆ ಕಣ್ಣಲ್ಲಿ ನೀರು ಬಂತು.

‘ಛೀನ್‌ಕೋ ಲೇಕೋ ಆತಿಯೂಂ ಖಾಲಾ’ ಎಂದೆ, ಕಸಿದುಕೊಂಡೇ ಬರುತ್ತೇನೆ ಎಂದು. ಸಿಟ್ಟು ಬಂದರೆ ನನ್ನ ದಖನಿ ಚೆನ್ನಾಗಿ ಬರುತ್ತದೆ.

‘ನಿಮ್ದೇ ಇದ್ರ ಛೀನ್ನಾ ಕಾಯ್ಕು, ಕಸ್ಗೊಳ್ಳೋದು ಯಾಕ ಟೀಚರಮ್ಮಾ?’ ಎಂದರು ಖಾಲಾ. ‘ಹೋಗಿ ಕೇಳ್ರಿ, ಕೊಡ್ತಾರ.’

ಕೇಳುವುದು! ಅದೇ ಬರುತ್ತಿದ್ದರೆ ನಾನು ಮಳೆಯಲ್ಲಿ ಯಾಕೆ ತೋಯಿಸಿಕೊಳ್ಳುತ್ತಿದ್ದೆ?

ಬೀದರಿನಿಂದ ಔರಾದಿಗೆ ನೇರ ಬಸ್ಸಿದೆ. ಕಸಿಯಲು ಹೊರಟವರು ಅದರಲ್ಲೇ ಹೋಗಬೇಕು. ನಾನು ಭಾಲ್ಕಿಯ ಬಸ್ಸು ಹತ್ತಿದೆ. ಅಲ್ಲಿಂದ ಕಮಲನಗರದ ಮೇಲೆ ಸುತ್ತಿಕೊಂಡು ಔರಾದಿಗೆ ಹೋಗಬಹುದು. ಧೈರ್ಯ ಬರಲು ಅಷ್ಟು ದಾರಿಯಾದರೂ ಬೇಕಿತ್ತು. ಭಾಲ್ಕಿಯಲ್ಲಿ ಇಳಿದು ನಮ್ಮ ಶಾಲೆಯ ಹಳೆಯ ಜವಾನ ತುಕಾರಾಮನ ಚಹದ ಅಂಗಡಿಗೆ ಹೋದೆ. ನಿವೃತ್ತಿಯಾದ ಮೇಲೆ ಅವನು ಬಸ್ ಸ್ಟ್ಯಾಂಡಿನ ಎದುರಿಗೆ ಅಂಗಡಿ ಹಾಕಿದ್ದಾನೆ. ನನ್ನನ್ನು ನೋಡಿದವನೇ ಎರಡು ಕಪ್ ಚಹ ತಂದಿಟ್ಟ.

‘ಒಂದೇ ಸಾಕೋ ತುಕಾರಾಮ’ ಎಂದೆ.

‘ಹೌದಲ್ರಿ’ ಎಂದು ಅವನು ತಲೆ ಕೆರೆದುಕೊಂಡ. ‘ಕೈಗೆ ರೂಢಿ ಆಗ್ಯಾದ ನೋಡ್ರಿ ಟೀಚರ್. ಹೋದ್ ತಿಂಗಳ ಕುಸುಮ ಟೀಚರ್ ಬಂದಾಗ ಬಿ ಹಿಂಗೇ ಎರಡು ಇಟ್ಟಿದ್ದೆ. ಅವರು ಎರಡೂ ಕುಡದು ಹೋದ್ರು.’

ನಾನೂ ಎರಡೂ ಕಪ್ಪು ಕುಡಿದೆ. ಪಿತ್ತದ ಶರೀರ ನನ್ನದು, ಕಮಲನಗರ ಬರುವ ಹೊತ್ತಿಗೆ ಎದೆ ಉರಿಯುತ್ತಿತ್ತು. ಉರಿ ಚಹದ್ದೋ ಮತ್ತೊಂದರದ್ದೋ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿದೆ: ನೋಟ್‌ಬುಕ್ ನನ್ನದು, ಒಯ್ಯಲು ಬಂದಿದ್ದೇನೆ, ಚಹ ಬೇಡ. ಪಕ್ಕದ ಸೀಟಿನಲ್ಲಿ ಕೂತಿದ್ದ ಮುದುಕಿ ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಜಪ ಮಾಡುತ್ತಿದ್ದಾಳೆಂದುಕೊಂಡು ಕೈ ಮುಗಿದಳು.

ಔರಾದಿನಲ್ಲಿ ಬಾಗಿಲು ತೆರೆದದ್ದು ಕುಸುಮಳ ಸೊಸೆ. ನಾನು ಅವಳನ್ನು ನೋಡಿರಲಿಲ್ಲ. ಮದುವೆಯಾದದ್ದು ನಾವು ಮಾತು ಬಿಟ್ಟ ಮೇಲೆ. ಅವಳು ನನ್ನ ಮೂಗನ್ನೇ ನೋಡಿ, ‘ನೀವು ಮಾಳಮ್ಮ ಟೀಚರ್ ಹೌದಲ್ರಿ?’ ಎಂದಳು. ‘ನಿಮ್ಮ ಚಷ್ಮಾ ಹಿಂಗೇ ಜಾರಿರ್ತದಂತ ಆಯಿ ಹೇಳ್ತಿರ್ತಾರ.’ ಅಷ್ಟರಲ್ಲಿ ಕುಸುಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ತೆಳ್ಳಗಾಗಿದ್ದಳು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ನನ್ನನ್ನು ನೋಡಿ ಅವಳ ಮುಖದಲ್ಲಿ ಏನೋ ಬಂದು, ತಕ್ಷಣ ಒಳಗೆ ಹೋಯಿತು.

‘ಕೂಡ್ರಿ ಟೀಚರ್. ಆರಾಮ ಇದ್ದೀರಿ?’

‘ಆರಾಮ ಇದ್ದೇನ್ರಿ. ನೋಟ್‌ಬುಕ್ ಒಯ್ಲಿಕ್ಕೆ ಬಂದೇನಿ.’

‘ಯಾಕ್ರಿ ಒಯ್ಯೋದು?’

‘ನಂದದ್ರಿ. ಕನ್ನಡದ ಅಕ್ಷರ ಎಲ್ಲಾ ನನ್ನವ.’

‘ಅರ್ಧ ಶಬ್ದ ನನ್ನವಲ್ರಿ?’

ಅವಳು ಎದ್ದು ಕಪಾಟಿನಿಂದ ನೋಟ್‌ಬುಕ್ಕು ತೆಗೆದಳು. ಕೊಡುತ್ತಾಳೆ ಎಂದುಕೊಂಡೆ. ಅವಳು ಅದನ್ನು ಎದೆಗೆ ಅಪ್ಪಿಕೊಂಡು ನಿಂತಳು. ಆಗ ನನ್ನ ಬಾಯಿಪಾಠವೆಲ್ಲ ಮರೆತುಹೋಗಿ, ನಾನು ಹೋಗಿ ಅದರ ಒಂದು ಅಂಚು ಹಿಡಿದುಬಿಟ್ಟೆ. ಅವಳು ಬಿಡಲಿಲ್ಲ. ನಾನು ಎಳೆದೆ, ಅವಳೂ ಎಳೆದಳು. ಎಂಟನೆಯ ತರಗತಿಯ ಹುಡುಗಿಯರನ್ನು ಇಂಥದಕ್ಕೇ ಬಿಸಿಲಲ್ಲಿ ನಿಲ್ಲಿಸಿದವರು ನಾವಿಬ್ಬರು. ‘ಬಿಡ್ರಿ’ ಎಂದಳು. ‘ನೀವು ಬಿಡ್ರಿ’ ಎಂದೆ. ಎರಡನೆಯ ಸುತ್ತಿಗೆ ‘ಬಿಡು’, ‘ನೀ ಬಿಡು’ ಎಂದಾಯಿತು. ‘ಸೋಡ್ ನಾ!’ ಎಂದು ಅವಳು ಮರಾಠಿಗೆ ಇಳಿದಳು. ನನ್ನ ಕಾಲು ಹಾಸುಗಲ್ಲಿನ ಮೇಲೆ ಜಾರುತ್ತಿತ್ತು, ಅವಳ ಬೆನ್ನು ಕಪಾಟಿಗೆ ಬಡಿಯುತ್ತಿತ್ತು. ಚಹದ ತಟ್ಟೆ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತು, ಯಾವ ಕಡೆ ಸೇರಬೇಕೆಂದು ತಿಳಿಯದೆ, ‘ಛಾ ಆರ್ತದ್ರಿ’ ಎಂದಳು.

‘ನಮ್ಮಪ್ಪನ ಶಬ್ದ ಅದರಾಗ ಅದ ಕುಸುಮಾ!’ ಎಂದು ನಾನು ಕೂಗಿದೆ. ‘ಹೊಲದಾಗ ಕುರಿ ನಿಂದ್ರಸೋದಕ್ಕ ಏನೋ ಅಂತಿದ್ದ. ನನಗ ನೆಪ್ಪಾಗವಲ್ದು!’

‘ತರುಬೋದು’ ಎಂದಳು ಕುಸುಮ. ಯೋಚನೆ ಕೂಡ ಮಾಡಲಿಲ್ಲ. ‘ಕುರಿ ತರುಬೋದು.’

ತರುಬೋದು! ಅಪ್ಪ ಕಂಬಳಿ ಕೊಡವಿಕೊಂಡು ಎದುರಿಗೆ ನಿಂತ ಹಾಗಾಯಿತು. ನನ್ನ ಮನೆಯ ಶಬ್ದವನ್ನು ನಾನು ಮರೆತಿದ್ದೆ, ಔರಾದಿನ ಈ ಮರಾಠಿ ಟೀಚರು ನೆನಪಿಟ್ಟಿದ್ದಳು. ಆ ಕ್ಷಣ ನಾನು ಕೈ ಬಿಡಬೇಕಿತ್ತು. ಯಾಕೋ ಕೈ ಇನ್ನೂ ಬಿಗಿಯಾಯಿತು, ಅವಳದೂ. ಪರ್ರ್ ಎಂದು ಸದ್ದಾಯಿತು. ನಾನು ನೆಲದ ಮೇಲೆ ಕೂತಿದ್ದೆ, ಅವಳು ಪಲಂಗದ ಮೇಲೆ ಕೂತಿದ್ದಳು. ಹೊಲಿಗೆ ಬಿಚ್ಚಿ ನೋಟ್‌ಬುಕ್ಕು ಎರಡಾಗಿತ್ತು.

ಕೊನೆಗೆ ಕುಸುಮ, ‘ಈಗ ಹೇಳು ಮಾಳಕ್ಕ. ಯಾರು ಯಾರದು ಕಸ್ಗೊಂಡ್ರು?’ ಎಂದಳು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಎರಡೂ ಸರಿಯಾಗಿ ಆಗಲಿಲ್ಲ, ಸೀನಿನಂಥದ್ದೊಂದು ಹೊರಬಂತು. ಆರಿದ ಚಹ ಕುಡಿಯುತ್ತ ಯಾರ ಪಾಲಿಗೆ ಏನು ಬಂದಿದೆ ಎಂದು ನೋಡಿದೆವು. ‘ಅ’ದಿಂದ ‘ಧ’ದವರೆಗೆ ನನ್ನ ಕೈಯಲ್ಲಿತ್ತು, ‘ನ’ದಿಂದ ಮುಂದಿನದು ಅವಳ ಕೈಯಲ್ಲಿ. ಅಳು, ಒಂಟಿತನ, ಕೋಪ, ಜಗಳ, ದುಃಖ ಎಲ್ಲವೂ ನನ್ನ ಪಾಲಿಗೆ ಬಂದಿದ್ದವು. ನಗು, ಮಾತು, ಸಲುಗೆ, ಹರಟೆ ಅವಳ ಕಡೆ ಉಳಿದಿದ್ದವು. ‘ಮೊದಲಿನಿಂದಲೂ ಹಂಗೇ ಇತ್ತಲ್ಲ’ ಎಂದಳು ಅವಳು. ಊಟ ಮಾಡಿಸಿದಳು. ನಾನು ಆಡಬೇಕಾದ ಒಂದು ಮಾತು ಮಾತ್ರ ಗಂಟಲಲ್ಲೇ ಇತ್ತು. ಅದನ್ನು ಗಂಟಲಲ್ಲೇ ಇಟ್ಟುಕೊಂಡು, ಅರ್ಧ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು, ಬಂದ ದಾರಿಯಲ್ಲೇ ವಾಪಸ್ ಹೊರಟೆ.

ಭಾಲ್ಕಿಯಲ್ಲಿ ಬೀದರಿನ ಬಸ್ಸಿಗೆ ಕಾಯುತ್ತ ಕಲ್ಲು ಬೆಂಚಿನ ಮೇಲೆ ಕೂತು ನನ್ನ ಅರ್ಧವನ್ನು ತೆರೆದೆ. ಬಿಸಿಲು ಇಳಿಯುತ್ತಿತ್ತು, ಶಾಲೆ ಬಿಟ್ಟ ಹುಡುಗಿಯರು ಗುಂಪುಗುಂಪಾಗಿ ಹೋಗುತ್ತಿದ್ದರು. ಪ್ರತಿ ಅಕ್ಷರದ ಕೊನೆಗೆ ನಾವು ಖಾಲಿ ಬಿಟ್ಟ ಹಾಳೆಗಳು ತುಂಬಿದ್ದವು. ನಾಲ್ಕು ವರ್ಷದ ಹೊಸ ಶಬ್ದಗಳು, ಕುಸುಮಳ ಮುದ್ದೆ ಮುದ್ದೆ ಅಕ್ಷರದಲ್ಲಿ. ಮರಾಠಿ ಬರೆದಿದ್ದಳು, ದಖನಿ ಬರೆದಿದ್ದಳು, ತೆಲುಗನ್ನು ಯಾರನ್ನು ಕೇಳಿದಳೋ, ಅದನ್ನೂ ಬರೆದಿದ್ದಳು. ಕನ್ನಡದ ಕಾಲಂ ಮಾತ್ರ ಖಾಲಿ. ಹಾಳೆಯ ಮೇಲೆ ಹಾಳೆ ತಿರುವಿದೆ, ಎಲ್ಲೆಲ್ಲೂ ಖಾಲಿ. ಕನ್ನಡ ಅವಳಿಗೆ ಬರುವುದಿಲ್ಲವೇ? ನನಗಿಂತ ಚೆನ್ನಾಗಿ ಬರುತ್ತದೆ. ಕನ್ನಡ ಶಬ್ದ ಗೊತ್ತಿದ್ದರಿಂದಲೇ ಯಾವುದು ಯಾವ ಅಕ್ಷರದ ಕೆಳಗೆ ಬರಬೇಕೋ ಅಲ್ಲೇ ಬರೆದಿದ್ದಾಳೆ. ಆ ಕಾಲಂ ನನ್ನದು ಎಂದು ಬಿಟ್ಟಿದ್ದಳು. ಬೀದರಿನ ಬಸ್ಸು ಬಂದು, ನಿಂತು, ಹೋಯಿತು. ನಾನು ಏಳಲಿಲ್ಲ. ಫೋನ್ ತೆಗೆದೆ.

‘ಕುಸುಮಾ, ಅವತ್ತು ನಾ ಒಂದು ಮಾತು ಅಂದಿದ್ದೆ...’

‘ಹೂಂ.’

‘ಅದು ನಾ ಅನ್ನಬಾರದಿತ್ತು. ಅದಕ್ಕ... ಏನಂತಾರ...’

‘ಮಾಫಿ ಅಂತಾರ’ ಎಂದಳು ಅವಳು. ‘ಅದು ನನ್ನ ಪಾಲಿನ್ಯಾಗ ಅದ. ಈಗೇ ತೆಗೆದು ನೋಡ್ಲಿಕ್ಕತ್ತೇನಿ. ಮರಾಠಿಗಿ ಅದೇ, ದಖನಿಗಿ ಅದೇ, ನಮ್ಮ ಕಡಿ ಕನ್ನಡಕ್ಕೂ ನೀ ಅದೇ ಬರದೀದಿ.’ ಮತ್ತೆ, ‘ನಾಲ್ಕು ವರ್ಷ ಬೇಕಾಯ್ತೇನು ಮಾಳಕ್ಕ, ಒಂದು ಶಬ್ದಕ್ಕ?’ ಎಂದಳು.

ಇದಾಗಿ ಎಂಟು ತಿಂಗಳಾಯಿತು. ಭಾಲ್ಕಿಯಲ್ಲಿ ಒಬ್ಬ ಒಳ್ಳೆಯ ಬೈಂಡರ್ ಇದ್ದಾನೆ, ಇಬ್ಬರೂ ಅಲ್ಲಿಗೆ ಬಂದು ಎರಡೂ ಭಾಗ ಸೇರಿಸಿ ಹೊಲಿಸೋಣ ಎಂದು ಮರುದಿನವೇ ಮಾತಾಯಿತು. ತಿಂಗಳಿಗೊಮ್ಮೆ ನಾನು ಬೀದರಿನಿಂದ, ಅವಳು ಔರಾದಿನಿಂದ ಬರುತ್ತೇವೆ. ಮೊದಲ ಸಲ ಅವಳು ತನ್ನ ಭಾಗವನ್ನು ತರಲು ಮರೆತಿದ್ದಳು. ಎರಡನೆಯ ಸಲ ನಾನು ಮರೆತೆ. ಮೂರನೆಯ ಸಲ ಬೈಂಡರನ ಅಂಗಡಿ ಮುಚ್ಚಿತ್ತು. ಅವತ್ತು ವಾರದ ರಜೆ ಎಂದು ಇಬ್ಬರಿಗೂ ಮೊದಲೇ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಸಂಜೆಯವರೆಗೆ ಕೂತು, ಜಗಳವಾಡಿ, ಹೊಸ ಶಬ್ದಗಳನ್ನು ಬಸ್ ಟಿಕೇಟಿನ ಹಿಂದೆ ಬರೆದುಕೊಂಡು, ಅವಳು ಅವಳ ಬಸ್ಸಿಗೆ, ನಾನು ನನ್ನ ಬಸ್ಸಿಗೆ. ಚಿದ್ರಿಯ ಮನೆಯ ಬೀಗ ತೆಗೆಯುವಾಗ ಒಳಗೆ ಈಗಲೂ ಯಾರೂ ಇರುವುದಿಲ್ಲ, ಅದೇನೂ ಬದಲಾಗಿಲ್ಲ. ಕಳೆದ ವಾರ ಹೋದಾಗ ‘ತಂದೀ ಏನು?’ ಎಂದು ಕೇಳಿದಳು. ‘ಅಯ್ಯೋ, ಮರ್ತೇ ಬಿಟ್ಟೆ ನೋಡು’ ಎಂದೆ. ಅರ್ಧ ನೋಟ್‌ಬುಕ್ಕು ನನ್ನ ಚೀಲದ ತಳದಲ್ಲಿ, ಟವೆಲಿನ ಒಳಗೆ ಸುತ್ತಿಟ್ಟಿತ್ತು. ‘ನಾನೂ ಮರ್ತೇನಿ’ ಎಂದಳು ಕುಸುಮ. ಅವಳ ಚೀಲವೂ ಸಾಕಷ್ಟು ಭಾರವಾಗಿಯೇ ಕಾಣುತ್ತಿತ್ತು. ನಾನು ಅದರ ಕಡೆ ನೋಡಿದೆ, ಆದರೆ ತೆಗೆದು ತೋರಿಸು ಎನ್ನಲಿಲ್ಲ. ಎಂದಿದ್ದರೆ ನನ್ನದನ್ನೂ ಬಿಚ್ಚಿ ತೋರಿಸಬೇಕಾಗುತ್ತಿತ್ತು.